ಅವಳಿಗೆ ಕೊಬ್ಬು ಎನ್ನುವವರಿಗೆ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಒಂದು ಹಾಡಿನ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಕೊಳ್ಳೇಗಾಲದಂಥ ಊರಿನಲ್ಲಿ ಇದಕ್ಕೆ ಒಂದು ಶಾಮಿಯಾನ, ಮೈಕಿನವನು, ಐವತ್ತು ಕುರ್ಚಿ, ಉಪ್ಪಿಟ್ಟು ಕೇಸರಿಬಾತು ಇದ್ದರೆ ಸಾಕು. ಹಾಡುವವರಿಗೇನೂ ಬರವಿಲ್ಲ. ಆದರೂ ನನ್ನ ಅಕ್ಕನ ಮಗಳೇ ಬರಬೇಕು ಎಂದು ಎಲ್ಲರ ಹಟ. ಅವಳು ಹನ್ನೊಂದು ವರ್ಷದವಳಿದ್ದಾಗ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಹಾಡಿದ್ದವಳು. ಈಗ ಯಳಂದೂರಿನಲ್ಲಿ ಬ್ಯಾಂಕಿನ ಕೆಲಸ, ಕೈಗೊಂದು ಮಗು. ಕರೆತರುವ ಹೊಣೆ ಚಿಕ್ಕಮ್ಮನಾದ ನನ್ನ ತಲೆಗೆ ಬಿತ್ತು. ಹೋಗಿ ಕೇಳಿದೆ. ಒಲ್ಲೆ ಎಂದಳು. ಬಂದು ಹೇಳಿದೆ.

"ಕೊಬ್ಬು ಕಣ್ರೀ ಅವಳಿಗೆ. ಟೀವಿಯಲ್ಲಿ ಬಂದವಳಲ್ಲವಾ, ನಾವೆಲ್ಲ ಈಗ ಕಣ್ಣಿಗೆ ಕಾಣ್ತೀವಾ?" ಎಂದರು ಒಬ್ಬರು. ಉಳಿದವರು ತಲೆಯಾಡಿಸಿದರು. ನಾನು ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ಸುಮ್ಮನಿದ್ದೆ. ಆ ದಿನ ನುಂಗಿಕೊಂಡ ಮಾತು ಇನ್ನೂ ಗಂಟಲಲ್ಲೇ ಇದೆ. ಅದನ್ನು ಇಲ್ಲಿ ಆಡಿ ಮುಗಿಸುತ್ತೇನೆ. ಓದುವವರಿಗೆ ಸಿಟ್ಟು ಬಂದರೆ ಬರಲಿ.

ಕೊಬ್ಬು ಎಂಬ ಮಾತನ್ನೇ ನೋಡಿ. ಗಂಡಸೊಬ್ಬ ಹೆಸರು ಮಾಡಿ, ಆಮೇಲೆ ವೇದಿಕೆ ಬೇಡ, ಹಾರ ಬೇಡ ಎಂದು ಹಿಂದೆ ಸರಿದರೆ ಅವನಿಗೆ ನಾವು ಕೊಡುವ ಹೆಸರು ಸರಳತೆ. ಇನ್ನೂ ಸ್ವಲ್ಪ ವಯಸ್ಸಾಗಿದ್ದರೆ ವೈರಾಗ್ಯ. ಅದೇ ಕೆಲಸವನ್ನು ಹೆಂಗಸು ಮಾಡಿದರೆ ಕೊಬ್ಬು, ಜಂಬ, ಇಲ್ಲವೇ ಏನೋ ಆಗಿರಬೇಕು ಎಂಬ ಪಿಸುಮಾತು. ಈ ತಕ್ಕಡಿಯನ್ನು ಗಂಡಸರು ತಂದು ನಮ್ಮ ಕೈಗೆ ಕೊಟ್ಟಿರಬಹುದು. ತೂಗುತ್ತಿರುವವರು ಮಾತ್ರ ನಾವೇ.

ಸರಳತೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ರಾಜಕುಮಾರ್. ಅವರು ನಮ್ಮ ಸೀಮೆಯವರೇ. ಗಾಜನೂರು ಈಗ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ ನಿಜ. ಆದರೆ 1929ರಲ್ಲಿ ಮುತ್ತುರಾಜು ಹುಟ್ಟಿದಾಗ ಗಾಜನೂರೂ ಕೊಳ್ಳೇಗಾಲವೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಗಾಜನೂರು ಆ ಕಡೆಯೇ ಉಳಿಯಿತು. ಶಾಲೆಯನ್ನು ಬೇಗನೆ ಬಿಟ್ಟು, ತಂದೆಯ ಹಿಂದೆ ನಾಟಕದ ಕಂಪನಿ ಸೇರಿ, 1954ರ 'ಬೇಡರ ಕಣ್ಣಪ್ಪ'ದಿಂದ ನಾಯಕನಾದ ಆ ಮನುಷ್ಯ, ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದ ಮೇಲೂ ಬಿಳಿ ಪಂಚೆ ಬಿಳಿ ಶರ್ಟಿನಲ್ಲೇ ಇದ್ದರು. ಜನರನ್ನು ಅಭಿಮಾನಿ ದೇವರುಗಳು ಎಂದು ಕರೆದರು. ಆ ಮಾತು ಕೇಳಿ ನಾವು ಉಬ್ಬಿಹೋದೆವು. ನನಗೆ ಮಾತ್ರ ಈಚೀಚೆಗೆ ಆ ಮಾತಿನಲ್ಲಿ ಸ್ವಲ್ಪ ಭಯವೂ ಕೇಳಿಸುತ್ತದೆ. ದೇವರು ಒಲಿದರೂ ಕಷ್ಟ, ಮುನಿದರೂ ಕಷ್ಟ ಎನ್ನುವುದು ಮಾದಪ್ಪನ ಒಕ್ಕಲಿನವರಾದ ನಮಗೆ ಗೊತ್ತಿಲ್ಲದ ವಿಷಯವೇ? ಇದು ನನ್ನ ಊಹೆ, ಬಿಡಿ. ಆದರೆ ಬಿಡುವು ಸಿಕ್ಕಾಗಲೆಲ್ಲ ಅವರು ಗಾಜನೂರಿಗೆ ಓಡಿ ಬರುತ್ತಿದ್ದದ್ದು ಊಹೆಯಲ್ಲ. ಅಲ್ಲಿ ಅವರು ಮುತ್ತುರಾಜು ಆಗಿರಬಹುದಿತ್ತು.

ಹಾಗೆ ಬಂದಿದ್ದಾಗಲೇ, 2000ದ ಜುಲೈ 30ರ ರಾತ್ರಿ, ವೀರಪ್ಪನ್ ಅವರನ್ನು ಕಾಡಿಗೆ ಕರೆದೊಯ್ದ. ನಾನಾಗ ಹನೂರಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ಆ ನೂರೆಂಟು ದಿನಗಳನ್ನು ಹನೂರಿನಲ್ಲಿ ಕಳೆದವರಿಗೇ ಗೊತ್ತು. ಒಂದೇ ಬಾಯಲ್ಲಿ ಕನ್ನಡ ತಮಿಳು ಎರಡೂ ಆಡುವ ಮನೆಗಳು ಅಲ್ಲಿ ಬೇಕಾದಷ್ಟು. ನನ್ನ ತರಗತಿಯ ಮಕ್ಕಳ ತಾಯಂದಿರು ಬಸ್ಸಿನಲ್ಲಿ ತಮ್ಮತಮ್ಮೊಳಗೆ ತಮಿಳು ಆಡುವುದನ್ನು ಬಿಟ್ಟು, ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡತೊಡಗಿದರು. ಟೀ ಅಂಗಡಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಎಲ್ಲ ಕಡೆಯೂ ಅದೇ ಮಾತು: ನಮ್ಮ ಅಣ್ಣಾವ್ರು, ನಮ್ಮ ಮಾನ, ನಮ್ಮ ಕನ್ನಡ. ನಮ್ಮ, ನಮ್ಮ, ನಮ್ಮ. ನನಗೆ ಹಾಲು ಹಾಕುತ್ತಿದ್ದ ಮುದುಕಿಯೊಬ್ಬಳು ಮಾತ್ರ ದಿನಾ ಬೆಳಗ್ಗೆ ಬೇರೆ ಏನೋ ಕೇಳುತ್ತಿದ್ದಳು. "ಎಪ್ಪತ್ತಾದ ಮನ್ಸ ಕನವ್ವ, ಆ ಕಲ್ಲುಮುಳ್ಳಲ್ಲಿ ಹೆಂಗೆ ನಡೀತದೋ. ಹೊತ್ತೊತ್ತಿಗೆ ಉಂಡದೋ ಇಲ್ವೋ." ಅವಳು ಅವರ ಸಿನಿಮಾ ಎಷ್ಟು ನೋಡಿದ್ದಳೋ ನಾ ಕಾಣೆ.

ನವೆಂಬರ್ 15ಕ್ಕೆ ಅವರು ಬಿಡುಗಡೆಯಾದರು. ಮತ್ತೆ ಹೊಸ ಚಿತ್ರದಲ್ಲಿ ನಾಯಕನಾಗಲಿಲ್ಲ. ಅದೇ ವರ್ಷ ತೆರೆಕಂಡಿದ್ದ 'ಶಬ್ದವೇಧಿ'ಯೇ ಕೊನೆಯಾಯಿತು. ಯಾರಾದರೂ ಅದಕ್ಕೆ ಕೊಬ್ಬು ಅಂದರೇ? ಅನ್ನಲಿಲ್ಲ, ಅನ್ನಬಾರದು ಕೂಡ. ನನ್ನ ತಕರಾರು ಅವರಿಗೆ ನಾವು ಕೊಟ್ಟ ಗೌರವದ ಮೇಲಲ್ಲ. ಆ ಗೌರವ ಕೂಡ ಅರ್ಧಂಬರ್ಧವಾಗಿತ್ತು ಎನ್ನುವುದು ಮೊದಲ ತಕರಾರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲು, ಬೆಂಕಿ, ಗೋಲಿಬಾರು. ಪೊಲೀಸ್ ಪೇದೆಯೊಬ್ಬರೂ ಸೇರಿ ಹಲವರು ಸತ್ತರು. ಹೆಂಡತಿ ಮಕ್ಕಳು ಹೆಣದ ಪಕ್ಕ ಸಮಾಧಾನವಾಗಿ ಕೂತು ಅಳುವುದಕ್ಕೂ ನಮ್ಮ ಪ್ರೀತಿ ಬಿಡಲಿಲ್ಲ. 2021ರಲ್ಲಿ ಪುನೀತ್ ಹೋದಾಗ ಬೆಳಗಿನ ಜಾವಕ್ಕೇ ಶುರುಮಾಡಿ ಅಂತ್ಯಕ್ರಿಯೆ ಮುಗಿಸಿದರಲ್ಲ, ಅದು ನಮ್ಮ ಪ್ರೀತಿಗೆ ಹೆದರಿದ್ದಲ್ಲದೆ ಮತ್ತೇನು?

ಇನ್ನು ಎರಡನೆಯ ತಕರಾರು. ಗಂಡು ತಾರೆಗೆ ಸಿಕ್ಕಿದ ಈ ಅರ್ಧ ಗೌರವವಾದರೂ ಹೆಣ್ಣಿಗೆ ಸಿಕ್ಕಿತೇ?

ಕಲ್ಪನಾ ಅವರನ್ನು ನೆನೆಸಿಕೊಳ್ಳಿ. ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಅವರ ಉದ್ದ ತೋಳಿನ ರವಿಕೆ, ದೊಡ್ಡ ಬಳೆ, ಸೆರಗು ಹಾಕಿಕೊಳ್ಳುವ ರೀತಿ, ಎಲ್ಲವನ್ನೂ ನಮ್ಮ ಅಕ್ಕಂದಿರು ಕದ್ದರು. ಕೊಳ್ಳೇಗಾಲದ ರೇಷ್ಮೆಗೆ ಹೊಂದುವ ರವಿಕೆಯನ್ನು ಕಲ್ಪನಾ ತೋಳಿನಲ್ಲೇ ಹೊಲಿ ಎಂದು ಟೈಲರಿನ ಜೊತೆ ಜಗಳವಾಡಿದವರು ನನ್ನ ಮನೆಯಲ್ಲೇ ಇದ್ದರು. 'ಬೆಳ್ಳಿಮೋಡ' 1967, 'ಗೆಜ್ಜೆ ಪೂಜೆ' 1969, 'ಶರಪಂಜರ' 1971. ತ್ರಿವೇಣಿಯವರ ಕಾದಂಬರಿಯನ್ನು ಓದಿ ಅತ್ತಿದ್ದವರು ಚಿತ್ರಮಂದಿರಕ್ಕೆ ಹೋಗಿ ಇನ್ನೊಮ್ಮೆ ಅತ್ತರು. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಸುತ್ತಲಿನವರು ಗುಣವಾದವಳು ಎಂದು ಒಪ್ಪುವುದೇ ಇಲ್ಲ, ಅವರ ನೋಟವೇ ಅವಳನ್ನು ಮತ್ತೆ ಕಾಯಿಲೆಗೆ ನೂಕುತ್ತದೆ. ಅಂಥ ಪಾತ್ರ ಮಾಡಿದ ಹೆಂಗಸಿಗೆ ನಾವು ಕೊಟ್ಟ ಬಿರುದು ಮಿನುಗುತಾರೆ. ಆಮೇಲೆ ಅವಕಾಶಗಳು ಕಡಿಮೆಯಾದವು, ಕೊನೆಗೆ ಅವರು ಉತ್ತರ ಕರ್ನಾಟಕದ ನಾಟಕದ ಕಂಪನಿಯೊಂದಿಗೆ ಊರೂರು ಸುತ್ತಿದರು. 1979ರ ಮೇ 12ರಂದು ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತಾರು ತುಂಬಿರಲಿಲ್ಲ. ಇಷ್ಟು ವರ್ಷವಾದರೂ ಅವರ ಹೆಸರೆತ್ತಿದರೆ ನಮ್ಮ ನಡುವೆ ನಡೆಯುವ ಮಾತು ಅಭಿನಯದ್ದಲ್ಲ. ಯಾರ ಜೊತೆ, ಯಾಕೆ, ಏನಾಯಿತಂತೆ. ಕಾವೇರಿಗಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವರೇ ಕಲ್ಪನಾಳನ್ನು ಹೀಗೆ ಕುಕ್ಕುತ್ತೇವೆ. ಲೀಲಾವತಿ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿದರು, ಸುತ್ತಲಿನವರಿಗಾಗಿ ಆಸ್ಪತ್ರೆ ಕಟ್ಟಿಸಿದರು, 2023ರ ಡಿಸೆಂಬರಿನಲ್ಲಿ ಹೋದರು. ಬದುಕಿರುವ ತನಕ ನಾವು ಅವರನ್ನು ತೋಟದ ಬಗ್ಗೆ ಕೇಳಿದೆವೇ? ನಮ್ಮ ಕುತೂಹಲವೆಲ್ಲ ಬೇರೆ ಕಡೆ ಇತ್ತು.

ಆಟಗಾರ್ತಿಯರ ಕತೆಯೂ ಬೇರೆಯಲ್ಲ. ಕೊಡಗಿನ ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನೇ ಓಟದಲ್ಲಿ ಹಿಂದೆ ಹಾಕಿದವರು, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಆಗಿನ ಪತ್ರಿಕೆಗಳು ಅವರ ಓಟಕ್ಕಿಂತ ಚೆಲುವಿನ ಬಗ್ಗೆಯೇ ಹೆಚ್ಚು ಬರೆದವು. ಅವರದೇ ಹೆಸರಿನ ತೆಲುಗು ಚಿತ್ರ 1991ರಲ್ಲಿ ಬಂತು. ಆಮೇಲೆ ಅವರು ಆ ಹಾದಿ ಬಿಟ್ಟು ಕೊಡಗಿನಲ್ಲಿ ಶಾಲೆ ಕಟ್ಟಿದರು. ಹೊರದೇಶದ ಮಾತು ಕೇಳಿ: 2021ರ ಫ್ರೆಂಚ್ ಓಪನ್‌ನಲ್ಲಿ ಜಪಾನಿನ ನವೋಮಿ ಒಸಾಕಾ, ಆಟವಾಡುತ್ತೇನೆ ಆದರೆ ಪತ್ರಕರ್ತರ ಮುಂದೆ ಕೂರಲಾರೆ ಎಂದಳು. ಹದಿನೈದು ಸಾವಿರ ಡಾಲರ್ ದಂಡ ಹಾಕಿದರು. ಅವಳು ಪಂದ್ಯಾವಳಿಯನ್ನೇ ಬಿಟ್ಟು ಎದ್ದಳು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಿರುಗುವಾಗ ಮೈ ಮನಸ್ಸಿನ ಮಾತು ಕೇಳುತ್ತಿಲ್ಲ ಎಂದು ತಂಡದ ಸ್ಪರ್ಧೆಯ ನಡುವೆಯೇ ಹಿಂದೆ ಸರಿದಳು. ಕತ್ತು ಮುರಿದುಕೊಳ್ಳುವ ಆಟ ಅದು. ಆದರೂ ಎಷ್ಟೋ ಜನ ದೇಶಕ್ಕೆ ಕೈಕೊಟ್ಟಳು ಎಂದರು. ಕೊಬ್ಬು ಎಂಬ ಪದಕ್ಕೆ ಎಲ್ಲ ಭಾಷೆಯಲ್ಲೂ ಒಂದು ಜೊತೆಗಾರ ಪದ ಇರಬೇಕು.

ಈಗ ನಿಮ್ಮ ಪ್ರಶ್ನೆ ನನಗೆ ಗೊತ್ತು. ಅಷ್ಟು ಬೇಡವಾದರೆ ಬಣ್ಣ ಹಚ್ಚಿದ್ದೇಕೆ, ಮೈದಾನಕ್ಕೆ ಇಳಿದದ್ದೇಕೆ, ಚಪ್ಪಾಳೆ ಹೊಡೆದಾಗ ಹಿಗ್ಗಿದ್ದೇಕೆ? ಹೌದು, ಹಿಗ್ಗಿದರು. ಯಾರು ಇಲ್ಲ ಎಂದರು? ಬೇಕೂ ಹೌದು, ಬೇಡವೂ ಹೌದು. ಇದನ್ನು ಗಂಡಸರಿಗೆ ಬಿಡಿಸಿ ಹೇಳಬೇಕಾದೀತು, ಹೆಂಗಸರಾದ ನಮಗೆ ಹೇಳಬೇಕೇ? ಮದುವೆಯಾಗಿ ತವರಿನ ಹೊಸ್ತಿಲು ದಾಟುವಾಗ ನಾವೆಲ್ಲ ಬಿಕ್ಕಿ ಬಿಕ್ಕಿ ಅತ್ತವರೇ. ಹಾಗೆಂದು ಗಾಡಿ ಹತ್ತದೆ ಕೂತೆವೇ? ಗಾಡಿ ಹತ್ತಿದ್ದಕ್ಕೆ ಆ ಅಳು ಸುಳ್ಳಾಯಿತೇ? ನಮಗೆ ಇಷ್ಟು ಚೆನ್ನಾಗಿ ಗೊತ್ತಿರುವ ಈ ಎರಡು ಮನಸ್ಸನ್ನು ಹಾಡುವವಳಲ್ಲಿ, ಓಡುವವಳಲ್ಲಿ ಕಂಡರೆ ಮಾತ್ರ ನಾಟಕ ಎನ್ನುತ್ತೇವೆ.

ಇನ್ನೊಂದು ವಾದ ದುಡ್ಡಿನದು. ನಾವು ಟಿಕೆಟ್ ಕೊಂಡು ನೋಡಿದ್ದರಿಂದಲ್ಲವೇ ಅವರು ತಾರೆಯಾದದ್ದು? ಟಿಕೆಟ್ಟಿಗೆ ಎರಡೂವರೆ ಗಂಟೆಯ ಆಟ ಸಿಕ್ಕಿತು. ಲೆಕ್ಕ ಚುಕ್ತಾ. ಸೀರೆ ಕೊಂಡವರು ನೇಕಾರನ ಮನೆಯ ಅಡುಗೆಮನೆ ಇಣುಕುವುದಿಲ್ಲ.

ನಮ್ಮ ಬೆಟ್ಟದ ಕಡೆಯ ಒಂದು ಕತೆಯನ್ನು ಇಲ್ಲಿ ನೆನಪಿಸಬೇಕು. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕಾವ್ಯ ಹಾಡುವಾಗ ಸಂಕಮ್ಮನ ಭಾಗ ಬಂತೆಂದರೆ ಕೇಳುವ ಹೆಂಗಸರು ಮುಂದಕ್ಕೆ ಜರುಗಿ ಕೂರುತ್ತಾರೆ. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುನ್ನ, ನಾನು ಬರುವ ತನಕ ಶೀಲವಾಗಿರುತ್ತೇನೆ ಎಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿದ್ದು ಕೊಡದೆ ಇದ್ದದ್ದಲ್ಲ. ಭಾಷೆ ಕೇಳಿದ್ದೇ ಅವಮಾನ ಎಂದು ಕೊಡುವುದಿಲ್ಲ. ಅದಕ್ಕೆ ಅವನು ಅವಳಿಗೆ ಕೊಡುವ ಹಿಂಸೆಯನ್ನು ಕೇಳಿದರೆ ಕರುಳು ಕಿವುಚುತ್ತದೆ. ಕೊನೆಗೆ ಮಾದಪ್ಪನೇ ಬರಬೇಕಾಗುತ್ತದೆ. ಆ ಕತೆ ಕೇಳಿ ನಾವು ನೀಲೇಗೌಡನಿಗೆ ಹಿಡಿಶಾಪ ಹಾಕುತ್ತೇವೆ. ಮನೆಗೆ ಬಂದು, ಪರದೆಯ ಮೇಲಿನ ಹೆಂಗಸಿನಿಂದ ಅದೇ ಭಾಷೆ ಕೇಳುತ್ತೇವೆ. ನಾನು ಮೊದಲ ಸಲ ನೋಡಿದಾಗ ಹೇಗಿದ್ದೆಯೋ ಹಾಗೆಯೇ ಇರು. ದಪ್ಪಗಾಗಬೇಡ, ಮದುವೆಯಾದರೂ ನನಗಿಷ್ಟವಾದವನನ್ನು ಆಗು, ಮುಪ್ಪಾಗಬೇಡ, ಕರೆದಾಗ ಬಾ, ನಗು, ಸುಸ್ತು ಎನ್ನಬೇಡ. ಅವಳು ಕೈ ಹಿಂದಕ್ಕೆಳೆದುಕೊಂಡರೆ ನೀಲೇಗೌಡನ ಸಿಟ್ಟೆಲ್ಲ ನಮ್ಮ ಮೈಮೇಲೆ ಬರುತ್ತದೆ.

ಹಾಡುಗಾರರು ನಮ್ಮ ಸೀಮೆಗೆ ಹೊಸಬರಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಚಿಕ್ಕಲ್ಲೂರು ಜಾತ್ರೆಯಲ್ಲಿ, ಚಂದ್ರಮಂಡಲ ಉರಿದ ರಾತ್ರಿ, ಸಿದ್ದಪ್ಪಾಜಿಯ ಕತೆ ಹಾಡುವ ನೀಲಗಾರರ ಮುಂದೆ ಚಳಿಯಲ್ಲಿ ಕಂಬಳಿ ಹೊದ್ದು ಕೂತವಳು ನಾನು. ಬೆಳಗಾದ ಮೇಲೆ ಆ ಹಾಡುಗಾರ ತಂಬೂರಿಯನ್ನು ಗೋಡೆಗೆ ತೂಗುಹಾಕಿ ಹೊಲಕ್ಕೆ ಹೋಗಬಲ್ಲ. ಹಾಡಿದ್ದು ಗುರುವಿನದು, ಹೊಗಳಿಕೆಯೂ ಗುರುವಿಗೆ ಸೇರಿದ್ದು. ಅವನು ಹೊತ್ತುಕೊಂಡು ತಿರುಗಬೇಕಾಗಿಲ್ಲ. ಇದನ್ನೇ ಆದರ್ಶ ಎಂದು ಎತ್ತಿ ಹಿಡಿಯುವ ಆಸೆ ಒಮ್ಮೊಮ್ಮೆ ಆಗುತ್ತದೆ. ಆದರೆ ಜೋಳಿಗೆಯ ಬದುಕು ಎಷ್ಟು ಬಡತನದ್ದು ಎಂದು ಹತ್ತಿರದಿಂದ ನೋಡಿದ್ದೇನೆ. ಇನ್ನೊಂದು ಮಾತು: ಆ ರಾತ್ರಿಗಳಲ್ಲಿ ತಂಬೂರಿ ಹಿಡಿದ ಹೆಂಗಸನ್ನು ನಾನು ಕಾಣಲಿಲ್ಲ. ನಮಗಿದ್ದದ್ದು ಸೋಬಾನೆ, ಬೀಸುವ ಕಲ್ಲು, ತೊಟ್ಟಿಲು. ಅದಕ್ಕೇ ಇರಬೇಕು, ಒಬ್ಬ ಹುಡುಗಿ ಮೈಕಿನ ಮುಂದೆ ನಿಂತಳೆಂದರೆ ಬೀದಿಯ ಹೆಂಗಸರೆಲ್ಲ ತಮ್ಮ ಬದುಕಿನ ಬಾಕಿಯನ್ನೆಲ್ಲ ಅವಳ ಮೇಲೆ ಹೊರಿಸುತ್ತೇವೆ.

ನನ್ನ ಅಕ್ಕನ ಮಗಳ ಮೇಲೆ ಹೊರಿಸಿದವರಲ್ಲಿ ಮೊದಲಿನವಳು ನಾನೇ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಹಾಡಿದ್ದು ಕೇಳಿ, ಟೀವಿಯವರ ಆಯ್ಕೆಗೆ ಮೈಸೂರಿಗೆ ಕರೆದುಕೊಂಡು ಹೋದವಳೂ ನಾನೇ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯವರೆಗೆ ಸಾಲಿನಲ್ಲಿ ನಿಂತಿದ್ದೆವು. ಆಯ್ಕೆಯಾದಾಗ ಅವಳು ನನ್ನನ್ನು ತಬ್ಬಿಕೊಂಡು ಕುಣಿದಳು. ಊರಿನಲ್ಲಿ ಬ್ಯಾನರು ಎದ್ದಿತು, 'ಕೊಳ್ಳೇಗಾಲದ ಕೋಗಿಲೆ'. ಎಲ್ಲರೂ ಎಸ್ಸೆಮ್ಮೆಸ್ ಕಳಿಸಿದರು. ಐದನೆಯ ವಾರ ಅವಳು ಹೊರಬಿದ್ದಳು. ಆಮೇಲೆ ಕಿರಾಣಿ ಅಂಗಡಿಗೆ ಹೋದರೆ, "ಏನಮ್ಮಿ, ನಿನಗೋಸ್ಕರ ಅಷ್ಟು ಎಸ್ಸೆಮ್ಮೆಸ್ ಮಾಡಿದ್ವಿ, ಕೈಬಿಟ್ಟುಬಿಟ್ಟೆಯಲ್ಲ" ಎನ್ನುವರು. ಮನೆಗೆ ನೆಂಟರು ಬಂದರೆ ನಾನು, "ಒಂದು ಹಾಡು ಹೇಳಮ್ಮ" ಎನ್ನುವೆ. ಗಂಟಲು ಕೆಟ್ಟಿದೆ ಎಂದರೆ ಕಣ್ಣು ಬಿಡುವೆ. ಹದಿನಾಲ್ಕಕ್ಕೆ ದನಿ ಬದಲಾಯಿತು, ಸ್ವಲ್ಪ ದಪ್ಪವಾಯಿತು. ಮದುವೆಮನೆಯೊಂದರಲ್ಲಿ ಹಾಡಿ ಇಳಿದಾಗ, "ಮುಂಚಿನ ಹಾಗಿಲ್ಲ ಬಿಡು" ಎಂದವರ ಮಾತು ಅವಳ ಕಿವಿಗೆ ಬಿತ್ತು. ಅಂದಿನಿಂದ ಅವಳು ಜನರ ಮುಂದೆ ಹಾಡಿಲ್ಲ.

ಪುನೀತ್ ಚಿಕ್ಕ ಹುಡುಗನಾಗಿ 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಆಮೇಲೆ ಹಲವು ವರ್ಷ ತೆರೆಯ ಮೇಲೆ ಕಾಣಿಸಿಕೊಳ್ಳದೆ ಇದ್ದು, 2002ರಲ್ಲಿ 'ಅಪ್ಪು' ಆಗಿ ಬಂದಾಗ ನಾವು ಎದ್ದು ನಿಂತು ಬರಮಾಡಿಕೊಂಡೆವು. ಮರೆಯಾಗಿ ಬೆಳೆಯುವ ಆ ವರ್ಷಗಳು ಒಂದು ಮಗುವಿಗೆ ಎಷ್ಟು ದೊಡ್ಡ ಕೊಡುಗೆ ಎನ್ನುವುದು ನನಗೆ ಈಗ ತಿಳಿಯುತ್ತದೆ. ನಾವು ನಮ್ಮ ಹುಡುಗಿಗೆ ಒಂದು ಮಳೆಗಾಲವನ್ನೂ ಬಿಟ್ಟುಕೊಡಲಿಲ್ಲ.

ಈಗಲೂ ನೋಡುತ್ತೇನೆ, ಏಳು ಎಂಟು ವರ್ಷದ ಮಕ್ಕಳಿಗೆ ಬಣ್ಣ ಬಳಿದು, ದೊಡ್ಡವರ ಸಂಭಾಷಣೆ ಬಾಯಿಪಾಠ ಮಾಡಿಸಿ, ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ತಾಯಂದಿರನ್ನು. ಬೇಡ ಎನ್ನಲು ನನಗೆ ಯಾವ ಬಾಯಿದೆ? ಮಕ್ಕಳಿಗೆ ಆಸೆ ಇದ್ದರೆ ಹೋಗಲಿ. ಆದರೆ ಬಸ್ಸು ಹತ್ತಿಸುವಾಗ ಕೇಳಿದ ಹಾಗೆ ಇಳಿಸುವಾಗಲೂ ಒಂದು ಮಾತು ಕೇಳಿ, ನಾಳೆಯೂ ಬೇಕಾ ಅಂತ. ಬೇಡ ಎಂದರೆ ಬ್ಯಾನರಿನವನಿಗೆ, ನೆಂಟರಿಗೆ, ಬೀದಿಯವರಿಗೆ ಉತ್ತರ ಹೇಳಬೇಕಾದವರು ನೀವು, ಆ ಮಗು ಅಲ್ಲ. ನಾನು ಹೇಳಲಿಲ್ಲ. ಹದಿನೇಳು ವರ್ಷ ತಡವಾಗಿ ಈಗ ಹೇಳುತ್ತಿದ್ದೇನೆ.

ಯಳಂದೂರಿಗೆ ಕರೆಯಲು ಹೋದ ದಿನ ಅವಳು ಒಲ್ಲೆ ಎಂದದ್ದಷ್ಟನ್ನೇ ಬೀದಿಯವರಿಗೆ ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ. ಮಗುವಿಗೆ ಅನ್ನ ಕಲಸುತ್ತಾ ಅವಳು ಹೇಳಿದ್ದು ಹೀಗೆ: "ಹಾಡಬೇಕು ಅಂತ ದಿನಾ ಅನ್ಸುತ್ತೆ ಚಿಕ್ಕಮ್ಮ. ಚಪ್ಪಾಳೆ ಬೇಡ ಅಂತಾನೂ ಅಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಮೈಕ್ ಹಿಡಿದರೆ ಅವರು ಆ ಹುಡುಗೀನ ಹುಡುಕ್ತಾರೆ. ಆ ಹುಡುಗಿಗೆ ಹನ್ನೊಂದು ವರ್ಷ. ಅವಳನ್ನ ನಾನು ಎಲ್ಲಿಂದ ತರ್ಲಿ?"

ಸಂಕ್ರಾಂತಿಗೆ ಅವಳು ಮಗುವನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಬಂದಿದ್ದಳು. ರಾತ್ರಿ ಕರೆಂಟು ಹೋಯಿತು. ಮಗು ಹೆದರಿ ಅಳತೊಡಗಿತು. ಅಡುಗೆಮನೆಯ ಕತ್ತಲಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಅವಳು ಹಾಡಿದಳು, ಮೆಲ್ಲಗೆ ಶುರುಮಾಡಿ, ಆಮೇಲೆ ಪೂರ್ತಿ ದನಿಯಲ್ಲಿ. ನಾನು ಹಜಾರದಲ್ಲೇ ಕೂತೆ, ಒಳಗೆ ಹೋಗಲಿಲ್ಲ. ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು.

ಮಾರನೆಯ ದಿನ ಎಳ್ಳು ಬೀರಲು ಬಂದ ಪಕ್ಕದ ಮನೆಯಾಕೆ ಕೇಳಿದರು. "ರಾತ್ರಿ ಯಾರಕ್ಕ ಹಾಡ್ತಿದ್ದೋರು? ಎಷ್ಟು ಚೆನ್ನಾಗಿತ್ತು."

"ರೇಡಿಯೋ ಕಣಮ್ಮ."

"ಕರೆಂಟೇ ಇರಲಿಲ್ಲವಲ್ಲಕ್ಕ?"

"ಬ್ಯಾಟರಿದು," ಎಂದೆ.